ಹುಳ ಜ್ವರಕ್ಕೆ ಕೂತ ದಿನ

…ಅಯ್ಯೋ, ಅಲ್ಲಿಡಬ್ಯಾಡ ಕಣಮ್ಮಿ! ಟೆಂಟಿನ ಮೇಲೆ ಕೋಳಿ ಮಂಕರಿ ಇಡ್ತಾರಾ ಯಾರಾದ್ರೂ? ರಾತ್ರಿ ಅದ್ರೊಳಗೆ ಮಲಗೋರು ನಾವು, ಕೋಳಿ ಅಲ್ಲ. ಈ ಕಡೆ ಕೊಡು. ಹಾಂ… ಮುಂದಿನ ಸೀಟಿನ ಕೆಳಗೆ ಇರ್ಲಿ, ನಿನ್ ಕಾಲ್ ತಾವ. ಕುಕ್ಕಿದ್ರೆ ಕುಕ್ಲಿ ಬುಡು, ಎಷ್ಟ್ ಹೊತ್ತಿನ ದಾರಿ! ಇಲ್ಲಿಂದ ಚನ್ನಪಟ್ಟಣ, ರಾಮನಗರ, ಅಲ್ಲಿಂದ ಮಾಗಡಿ ರಸ್ತೆ ಹಿಡಿದ್ರೆ ಮಂಚನಬೆಲೆ ಹಿನ್ನೀರು ಬಂದೇಬುಡ್ತು. ನಿನ್ ಗಂಡ ಸ್ಟೇರಿಂಗ್ ಹಿಡಿದ ಅಂದ್ರೆ ಆ ಕೋಳಿಗೆ ಕೂಗಾಕೂ ಟೈಮ್ ಸಿಗಲ್ಲ.

ಯಾಕ್ ನಗ್ತೀಯಾ?

ಅಲ್ಲ, ಯಾಕ್ ನಗ್ತಿದೀಯಾ ಅಂತ ಕೇಳ್ದೆ. ಟೆಂಟ್ ಹಾಕಾಕೆ ಹೋಗೋರು ಜೀವ ಇರೋ ಕೋಳಿ ತಗೊಂಡು ಹೋಯ್ತಾರಾ ಅಂತಾನಾ? ಬೇರೆಯೋರು ಹೋಗಲ್ಲ. ಕೆಂಪರಾಜು ಹೋಯ್ತಾನೆ! ಮೊಬೈಲ್‌ನಾಗೆ ನೋಡಿಲ್ವಾ ನೀನು, ಆ ಬೆಂಗಳೂರ್ನೋರ ವಿಡಿಯೋ? ಕಾರಿನ ಡಿಕ್ಕಿ ಎತ್ತಿ, ಬಣ್ಣಬಣ್ಣದ ಲೈಟ್ ಬುಟ್ಕೊಂಡು, ಬಿಸಿನೀರಿಗೆ ನೂಡಲ್ಸ್ ಹಾಕ್ಕೊಂಡು ಸೊರ್ರ್ ಅಂತ ಹೀರ್ತಾ ಕುಂತಿರ್ತಾರೆ. ಅದೂ ಒಂದು ಊಟವಾ? ನಾನು ಅಲ್ಲಿ ಮೂರು ಕಲ್ಲು ಹೂಡಿ, ನಾಟಿಕೋಳಿ ಸಾರು ಕಾಯ್ಸಿ, ಮುದ್ದೆ ತಿರುವಿ ಇಟ್ಟೆ ಅಂದ್ರೆ… ಪಕ್ಕದ ಟೆಂಟ್ನೋರು ನೂಡಲ್ಸ್ ಚೆಲ್ಲಿ ಬಂದು ನಿಂತ್ಕತಾರೆ. ನೋಡೀವಂತೆ.

ಸರಿ ಸರಿ, ನಗು. ನೀನ್ ನಗೋದೇ ಅಪರೂಪ. ನನ್ ಮುಂದೆ.

ಆ ಮುದ್ದೆ ಕೋಲು ಕೊಡಿಲ್ಲಿ. ಹಿಟ್ಟಿನ ಡಬ್ಬ? ಹಿಂದಿನ ಸೀಟಿಗೆ. ಹಾಸಿಗೆ, ಕಂಬಳಿ, ದಿಂಬು, ಎಲ್ಲಾ ಹಿಂದಿನ ಸೀಟಿಗೇ ಹಾಕು. ಮೇಲೆ ಕ್ಯಾರಿಯರ್ ಫುಲ್ಲು. ಹೆಂಗೈತೆ ನೋಡು ಕಟ್ಟಿರೋದು! ಹುಲ್ಲಿನ ಗಾಡಿಗೆ ಹಾಕೋ ಗಂಟು ಇದು, ಸುಮ್ನೆ ಅಲ್ಲ. ಗುಂಡಿಗೆ ಬಿದ್ರೂ ಅಲ್ಲಾಡಲ್ಲ. ಈ ಬೈರಾಪಟ್ಟಣದಾಗೆ ಕಾರಿನ ಮೇಲೆ ಕ್ಯಾರಿಯರ್ ಹಾಕ್ಸಿರೋನು ಯಾರವ್ನೆ ಹೇಳು, ನನ್ ಬುಟ್ರೆ? ಹಾಂ, ಸೆಕೆಂಡ್ ಹ್ಯಾಂಡೇ. ಆದ್ರೇನೀಗ? ತೊಳ್ದು ನಿಲ್ಲಿಸಿವ್ನಿ, ಬಾನೆಟ್‌ನಾಗೆ ಮುಖ ನೋಡ್ಕೊಂಡು ಕುಂಕುಮ ಇಟ್ಕೋಬೋದು ನೀನು.

ಅಯ್ಯಯ್ಯೋ, ಆ ಸೊಳ್ಳೆಬತ್ತಿ ಹಿಡ್ಕೊಂಡು ಹುಳದ ಮನೆ ಮುಂದೆ ಯಾಕ್ ಹೋಯ್ತಿದೀಯಾ? ಅದ್ರ ಹೊಗೆ ಸೋಕಿದ್ರೆ ಇಡೀ ಬೆಳೆ ಹೋಯ್ತದೆ! ರೇಷ್ಮೆಯೋರ ಮನೆ ಮಗಳು ನೀನು, ನಿಂಗೆ ನಾನ್ ಹೇಳ್ಕೊಡ್ಬೇಕಾ? ಕೊಡು, ಡಿಕ್ಕಿಗೆ ಹಾಕ್ತೀನಿ. ಇವತ್ತು ಯಾಕೋ ನಿನ್ ಗ್ಯಾನ ಇಲ್ಲಿಲ್ಲ. ಬೆಳಗ್ಗೆಯಿಂದ ನೋಡ್ತಾವ್ನಿ.

ಅವ್ವ ನೋಡ್ಕೋತಾಳೆ ಕಣೆ ಹುಳಾನ. ನೋಡ್ಕೊಳಾಕೆ ಏನೈತೆ? ಎಲ್ಲಾ ನಾಲ್ಕನೇ ಜ್ವರಕ್ಕೆ ಕೂತವೆ. ಬೆಳಗ್ಗೆ ಬಗ್ಗಿ ನೋಡ್ದೆ, ಒಂದಾದ್ರೂ ಅಲ್ಲಾಡಬೇಕಲ್ಲ! ತಲೆ ಎತ್ಕೊಂಡು ಧ್ಯಾನಕ್ಕೆ ಕೂತಂಗೆ ಕೂತ್ಬುಟ್ಟವೆ. ಪೊರೆ ಬುಟ್ಟು ಏಳೋಗಂಟ ಒಂದೆಸಳು ಹಿಪ್ಪುನೇರಳೆ ಸೊಪ್ಪೂ ಮುಟ್ಟಲ್ಲ. ರೇಷ್ಮೆಯೋರ್ಗೆ ರಜ ಅಂತ ಇರೋದು ಇದೊಂದೇ ಕಣಮ್ಮಿ, ಹುಳ ಜ್ವರಕ್ಕೆ ಕೂತ ಒಂದು ದಿನ. ನಾಳೆ ಎದ್ವು ಅಂದ್ರೆ ಮುಗೀತು. ಹಗಲು ಅನ್ನಂಗಿಲ್ಲ, ರಾತ್ರಿ ಅನ್ನಂಗಿಲ್ಲ, ಮಳೆ ಹುಯ್ದಂಗೆ ಸದ್ದು ಮಾಡ್ಕೊಂಡು ಮೇಯ್ತವೆ. ಕೊಯ್ಯೋದು, ಹೊರೋದು, ಹಾಕೋದು… ಅದ್ಕೇ ಅಂತಾವ್ನಿ, ಬೇಗ ಹೊರಡು ಅಂತ. ಮದ್ವೆ ಆದಾಗಿಂದ ನಾವೆಲ್ಲಿಗಾದ್ರೂ ಹೋಗಿದೀವಾ? ನಿಮ್ಮಪ್ಪನ ಮನೆ ಬುಟ್ರೆ ಕಬ್ಬಾಳಮ್ಮನ ಗುಡಿ. ಅಲ್ಲೂ ಅವ್ವ ಜೊತೇಲಿ.

ಏನು? ಸೀರೆ ಬದ್ಲಾಯ್ಸಬೇಕಾ? ಇದೇ ಚೆನ್ನಾಗೈತಲ್ಲ! ಅಲ್ಲಿ ನಿನ್ನ ನೋಡೋರು ಯಾರವ್ರೆ…

ಅಂದ್ರೆ, ನಾನಿದೀನಿ. ಅವ್ರೂ ಇರ್ತಾರೆ. ಅಶ್ವಥ್, ಅವ್ನ ತಂಗಿ ಪುಟ್ಟಿ. ಬರಲ್ಲ ಅಂದ್ನಾ ನಾನು? ನಿನ್ ಸೋದರತ್ತೆ ಮಕ್ಳು, ಬರದೆ ಇರ್ತಾರಾ? ಹೇಳುದ್ನಲ್ಲ, ಅವ್ರು ಇಲ್ಲಿಗೆ ಬರಲ್ಲ, ಸೀದಾ ಅಲ್ಲಿಗೇ ಬತ್ತಾರೆ ಅಂತ. ಅವ್ರ ಕೆಂಪಾಪುರ ಇರೋದು ಮಾಗಡಿ ತಾಲ್ಲೂಕು. ಅಲ್ಲಿಂದ ಇಲ್ಲೀಗಂಟ ಬಂದು, ತಿರುಗಾ ಆ ಕಡೀಕೇ ಹೋಗಾಕೆ ಅವ್ನಿಗೇನು ಹುಚ್ಚಾ? ಬೆಳಗ್ಗೆ ನಾನೇ ಫೋನ್ ಮಾಡಿದ್ದೆ. ಬತ್ತೀನಿ ಅಂದ. ಖುಷಿಯಾಗೇ ಅಂದ.

ಯಾಕ್ ಹಂಗ್ ನೋಡ್ತೀಯಾ?

ಸರಿ ಹೋಗು, ಉಟ್ಕೊಂಡ್ ಬಾ. ನಿಂತ್ಕ, ಆ ತಟ್ಟೆ ಚೀಲ ಕೊಟ್ಟು ಹೋಗು. ಇಷ್ಟೊಂದ್ಯಾಕೆ? ಎರಡು ತಟ್ಟೆ, ಎರಡು ಲೋಟ ಸಾಕು.

…

ಅವ್ರು ಅವ್ರದ್ದು ತರಲ್ವಾ! ಎಲ್ಲಾ ಆನ್‌ಲೈನ್‌ನಾಗೆ ತರಿಸವ್ನಲ್ಲ ನಿನ್ ಬಾವ. ಮಡಚೋ ಕುರ್ಚಿ, ಮಡಚೋ ಟೇಬಲ್ಲು, ಹಣೆಗೆ ಕಟ್ಕೊಳೋ ಬ್ಯಾಟ್ರಿ… ಬಾವಿ ತೋಡಾಕೆ ಇಳಿಯೋನಂಗೆ! ಒಂದು ಟೆಂಟ್ ತರಿಸ್ದ ಅಂತ ಫೋಟೋ ಕಳಿಸಿದ್ದೇ ಕಳಿಸಿದ್ದು. ಅದೂ ನಂಗಲ್ಲ, ನಿಂಗೆ. "ನಾವೆಲ್ಲಾ ಹೋಗಾನ ಪತ್ತಿ" ಅಂತ. ಪತ್ತಿ! ಪ್ರತಿಮಾ ಅನ್ನೋ ಹೆಸ್ರಿಗೆ ಏನಾಗಿತ್ತು? ಅದಕ್ಕೇ ನಾನು ರಾಮನಗರಕ್ಕೆ ಹೋಗಿ ನಿಯಾಜ್ ತಾವ ಈ ಟೆಂಟ್ ಇಸ್ಕೊಂಡ್ ಬಂದಿದ್ದು. ನಿಯಾಜ್ ಗೊತ್ತಲ್ಲ, ಮಾರ್ಕೆಟ್‌ನಾಗೆ ನಮ್ ಗೂಡು ತಗೊಳೋ ರೀಲರು. "ತಗೊಂಡ್ ಹೋಗ್ ರಾಜಾ, ಗಂಡ ಹೆಂಡ್ತಿ ಆರಾಮಾಗಿ ಮಲಗಬೋದು" ಅಂದ. ಗಟ್ಟಿ ಬಟ್ಟೆ ನೋಡು, ಮುಟ್ಟಿ ನೋಡು. ನಿನ್ ಬಾವಂದು ಗಾಳಿ ಬಂದ್ರೆ ಅವ್ನ ಸಮೇತ ನೀರಿಗೆ ಹಾರೋಯ್ತದೆ.

ನೋಡ್ದಾ, ಮುಖ ಸಣ್ಣ ಆಯ್ತು. ಅವ್ನನ್ನ ಅಂದ್ರೆ ಸಾಕು, ಸಣ್ಣ ಆಗ್ಬುಡ್ತದೆ. ಹೋಗು, ಸೀರೆ ಉಟ್ಕೊಂಡ್ ಬಾ. ಬಿಸ್ಲು ಏರ್ತಾ ಐತೆ.

ಪ್ರತಿಮಾ…

ಪ್ರತಿಮಾ! ಎಷ್ಟೊತ್ತಮ್ಮಿ? ಕೋಳಿ ಕಾರ್ನಾಗೆ ಗಲಾಟೆ ಮಾಡ್ತಾ ಐತೆ. ಅದಕ್ಕಿರೋ ಅರ್ಜೆಂಟು ನಿಂಗಿಲ್ಲ.

ಇದೇನು, ಅದೇ ಸೀರೇಲೇ ಬಂದೆ! ಒಳಗೆ ಇಷ್ಟೊತ್ತು ಏನ್ ಮಾಡ್ತಿದ್ದೆ? ಓಲೆ ಸಿಗ್ಲಿಲ್ವಾ? ಯಾವ ಓಲೆ? ಕಿವೀಲೇ ಐತಲ್ಲ! ಏನಾಗೈತೆ ನಿಂಗಿವತ್ತು? ನಿನ್ನೆ ರಾತ್ರಿ ನೀನೇ ಕಂಬಳಿ ಕೊಡವಿ ಕೊಡವಿ ಮಡಚಿಟ್ಟೆ. ಈಗ ನೋಡಿದ್ರೆ ಒಂದು ಹೆಜ್ಜೆ ಮುಂದಿಟ್ರೆ ಎರಡು ಹೆಜ್ಜೆ ಹಿಂದಕ್ಕೆ ಇಡ್ತಿದೀಯಾ. ಏನೋ ಕಾಯ್ತಾ ಇರೋಳಂಗೆ.

ಹತ್ತು, ಹತ್ತು ಕಾರ್ನ.

ಹತ್ತಲ್ವಾ? ಹೋಗ್ಲಿ ಒಸಿ ಕುಂತ್ಕ ಜಗಲಿ ಮೇಲೆ. ಹಗ್ಗ ಇನ್ನೊಂದ್ಸಲ ಬಿಗೀತೀನಿ ಅಷ್ಟ್ರಲ್ಲಿ.

ನನ್ ಫೋನಾ? ಆಫ್ ಮಾಡಿಟ್ಟಿವ್ನಿ. ಬ್ಯಾಟ್ರಿ ಉಳಿಸಾಕೆ. ಅಲ್ಲಿ ಕರೆಂಟ್ ಎಲ್ಲೈತೆ? ನೀನೂ ಆಫ್ ಮಾಡ್ಬುಡು. ಎಲ್ಲಾರ್ದೂ ಆಫ್ ಇರ್ಲಿ, ಮಜವಾಗಿರ್ತದೆ… ಬಾವಂಗೆ ಫೋನ್ ಮಾಡಿ ಕೇಳ್ತೀಯಾ? ಬ್ಯಾಡ! ಗಾಡಿ ಓಡಿಸ್ತಿರ್ತಾನೆ. ಓಡಿಸೋನಿಗೆ ಫೋನ್ ಮಾಡ್ಬಾರ್ದು.

ಮಾಡಲ್ವಾ?… ಸರಿ. ಒಳ್ಳೇದಾಯ್ತು.

ಬೇರೆ ದಿನ ಆಗಿದ್ರೆ ಹಟ ಹಿಡೀತಿದ್ದೆ ನೀನು. ಇವತ್ತು ಹೇಳಿದ್ಕೆಲ್ಲಾ ಹೂಂ ಅಂತಿದೀಯಾ. ನೋಡು ಪ್ರತಿಮಾ, ನೀನೇನೇ ಅಂದ್ಕೊ, ನಾನು ಹೊಟ್ಟೆಕಿಚ್ಚಿನೋನಲ್ಲ. ನಂಗ್ಯಾಕೆ ಹೊಟ್ಟೆಕಿಚ್ಚು? ಅವ್ನಿಗಿಂತ ನಂಗೇನು ಕಮ್ಮಿ ಐತೆ ಹೇಳು. ತೋಟ ಅವ್ನಿಗಿಂತ ಚೆನ್ನಾಗಿ ಮಾಡಿವ್ನಿ. ಗೂಡು ತಗೊಂಡ್ ಹೋದ್ರೆ ಮಾರ್ಕೆಟ್‌ನಾಗೆ ರೀಲರ್‌ಗಳು ಕೈ ಹಾಕಿ ನೋಡಿ, "ಯಾರದ್ದು, ಕೆಂಪರಾಜಂದಾ" ಅಂತಾರೆ. ಕಾರೈತೆ. ಎತ್ತರ ಒಸಿ ಕಮ್ಮಿ. ಅಷ್ಟೇ.

ಈಜು? ಈಜಾಕೂ ಬತ್ತದೆ ನಂಗೆ. ಅವ್ನಂಗೆ ಬಾವಿಗೆ ತಲೆ ಕೆಳಗಾಗಿ ಬೀಳಾಕೆ ಬರಲ್ಲ. ಬಿದ್ದು ಏನಾಗ್ಬೇಕು? ಚಿಕ್ಕೋಳಿದ್ದಾಗ ನಿಂಗೆ ಸೋರೆಬುರುಡೆ ಕಟ್ಟಿ ಈಜು ಕಲಿಸ್ದ ಅಂತ ಎಷ್ಟ್ ಸಲ ಹೇಳ್ತೀಯಾ ಅದನ್ನ? ನಂಗೆ ಲೆಕ್ಕ ತಪ್ಪೋಗೈತೆ. ನಿಂಗೆ ಸೈಕಲ್ ಕಲಿಸಿದ್ದು ಅವ್ನು, ಹಲ್ಲಿಗೆ ಪೆಟ್ಟು ಬಿದ್ದಾಗ ಎತ್ಕೊಂಡು ಓಡಿದ್ದು ಅವ್ನು. ನಾನು ಬರೋ ಹೊತ್ತಿಗೆ ನಿಂಗೆ ಕಲಿಸಾಕೆ ಏನೂ ಉಳಿದೇ ಇರ್ಲಿಲ್ವಲ್ಲೇ!

ನಗಬ್ಯಾಡ. ನಗ್ತಾ ಇಲ್ವಾ? ನಕ್ಕಂಗಾಯ್ತು.

ಮದ್ವೆ ದಿನ ಊಟದ ಪಂಕ್ತೀಲಿ ನಿಮ್ಮಜ್ಜಿ ಏನಂದ್ಲು ಗೊತ್ತಾ? ನಾನು ಮಜ್ಜಿಗೆ ಕುಡೀತಿದ್ದೆ. ಪಕ್ಕದಾಗೇ ಕುಂತಿದ್ಲು. ಯಾರಿಗೋ ಹೇಳ್ತಾವ್ಳೆ, "ವರಸೇಲಿ ನೋಡಿದ್ರೆ ಈ ಹುಡುಗಿ ಅಶ್ವಥಂಗೇ ಸೇರಬೇಕಿತ್ತು, ಸೋದರತ್ತೆ ಮಗ ಕಣ್ಣೆದುರಿಗೇ ಇದ್ದ" ಅಂತ. ಮದುವೆ ಗಂಡಿನ ಕಿವಿಗೆ ಬೀಳಂಗೆ! ಮಜ್ಜಿಗೆ ಮೂಗ್ಗೆ ಹತ್ತಿತ್ತು ನಂಗೆ. ಆಮೇಲೆ ಯಾರೋ ಅಂದ್ರು, ಬಾವ ಕೇಳಿದ್ದಕ್ಕೆ ನೀನೇ ಬ್ಯಾಡ ಅಂದೆ ಅಂತೆ, ಜೊತೇಲಿ ಬೆಳೆದೋನು, ಅಣ್ಣನಂಗೆ ಅಂತ. ಯಾರೋ ಅಂದಿದ್ದು. ನೀನ್ ಯಾವತ್ತೂ ನಂಗೆ ಹೇಳ್ಲಿಲ್ಲ. ನಾನ್ ಯಾವತ್ತೂ ಕೇಳ್ಲಿಲ್ಲ. ಕೇಳಿದ್ರೆ ಏನಂತೀಯೋ ಅಂತ.

ಅದು ಹೋಗ್ಲಿ. ಯುಗಾದಿ ಮಾರನೇ ದಿನ, ಹೊಸತೊಡಕಿಗೆ ಬಂದಿದ್ನಲ್ಲ ಅಶ್ವಥ್. ಗಂಡಸು ಅಂದ್ಮೇಲೆ ಹಟ್ಟೀಲಿ ಕುಂತು ಎರಡು ಎಲೆ ಇಸ್ಪೀಟ್ ಆಡಬೇಕಪ್ಪ. ಇವ್ನು ಸೀದಾ ಅಡಿಗೆ ಮನೆಗೆ! ಮಟನ್ ತೊಳ್ಯೋದೇನು, ಈರುಳ್ಳಿ ಹೆಚ್ಚೋದೇನು, ಅವ್ವನ್ನ ದೊಡ್ಡತ್ತೆ ದೊಡ್ಡತ್ತೆ ಅನ್ನೋದೇನು… ಅವ್ವ ಕರಗೋದ್ಲು. ನಾನು ನೀರು ಕುಡಿಯಾಕೆ ಬಂದೆ. ನೀವಿಬ್ರೂ ನಗ್ತಿದ್ರಿ. ನೀನು ಸೆರಗಲ್ಲಿ ಕಣ್ಣೊರೆಸ್ಕೊಂಡು, ಗೋಡೆ ಹಿಡ್ಕೊಂಡು ನಗ್ತಿದ್ದೆ. ನಾನು ಬಾಗ್ಲಲ್ಲಿ ನಿಂತಿದ್ದೆ. ಏನಾಯ್ತು ಅಂದೆ. ಏನಿಲ್ಲ ಅಂದೆ ನೀನು. ಏನಿಲ್ಲ ಅಂದ ಅವ್ನೂ. ಈರುಳ್ಳಿ ಹೆಚ್ತಾ.

ಆ "ಏನಿಲ್ಲ" ಐತಲ್ಲ… ಅದು ಇಲ್ಲೇ ಕುಂತೈತೆ ಕಣಮ್ಮಿ. ಇಲ್ಲಿ. ಮೂಳೆ ಸಿಕ್ಕಾಕೊಂಡಂಗೆ. ನಾನೇನಾದ್ರೂ ಹೇಳಿದ್ರೆ ನೀನು ಮೊದ್ಲು ಅವ್ವ ಎಲ್ಲವ್ಳೆ ಅಂತ ನೋಡ್ತೀಯಾ, ಆಮೇಲೆ ಒಸಿ ನಗ್ತೀಯಾ. ಗೋಡೆ ಹಿಡ್ಕೊಂಡು ನನ್ ಜೊತೆ ಯಾವತ್ತಾದ್ರೂ ನಕ್ಕಿದೀಯಾ?

ಹೇಳಬ್ಯಾಡ ಬುಡು. ಉತ್ರ ಬ್ಯಾಡ ನಂಗೆ. ಎದ್ದೇಳು, ಹೊರಡಾನ.

ಇರು… ಏನದು ಹೊಗೆ? ಹಿತ್ತಲ ಒಲೆ ಹಚ್ಚಿದೀಯಾ? ಯಾವಾಗ ಹಚ್ಚಿದೆ! ಇದಕ್ಕಾ ಒಳಗೆ ಹೋಗಿ ಹೋಗಿ ಬತ್ತಿದ್ದಿದ್ದು? ಏನಿಟ್ಟಿದೀಯಾ ಅದ್ರ ಮೇಲೆ… ಅಯ್ಯೋ, ಹಬ್ಬದ ಪಾತ್ರೆ! ಊರಿಗೆ ಊಟ ಹಾಕೋ ಪಾತ್ರೆ ಅಟ್ಟದಿಂದ ಇಳ್ಸಿದೀಯಲ್ಲೇ! ಅವ್ವ ಒಬ್ಳಿಗೆ ಇಷ್ಟ್ ಅನ್ನವಾ? ಈ ಕಡೆ ಸಾರು ಬೇರೆ. ಅವರೆಕಾಳು. ಅವರೆಕಾಳು…

ಓಹೋ. ಗೊತ್ತಾಯ್ತು ಬುಡು. ಬಾವಂಗೆ ಅವರೆಕಾಳ್ ಸಾರು ಅಂದ್ರೆ ಪ್ರಾಣ ಅಲ್ವಾ? ಅವ್ನಿಗೆ ಕಟ್ಕೊಂಡು ಹೋಗಾಕೆ! ನಾನಿಲ್ಲಿ ಕೋಳಿ ಹಿಡಿದು, ಕಾಲು ಕಟ್ಟಿ, ಮಸಾಲೆ ರುಬ್ಬಿಸಿ, ನನ್ ಹೆಂಡ್ತಿಗೆ ನನ್ ಕೈಯಾರೆ ಮಾಡಿ ಹಾಕ್ತೀನಿ ಅಂತ ಕುಣೀತಾವ್ನಿ. ನೀನು ಹಿಂದ್ಗಡೆ ಸದ್ದಿಲ್ದಂಗೆ ಅವ್ನಿಗೆ ಪಾತ್ರೆ ಪಾತ್ರೆ ಬೇಯಿಸ್ತಿದೀಯಾ. ಚೆಲ್ಲು ಅದನ್ನ! ಯಾರಿಗೂ ಬ್ಯಾಡ. ಅವ್ನು ಬರಲ್ಲ ಕಣೆ!

…

ಅಂದ್ರೆ… ಲೇಟಾಯ್ತದೆ. ಬರೋದು ಲೇಟಾಯ್ತದೆ ಅಂದೆ. ಅಷ್ಟೊತ್ತಿಗೆ ಸಾರು ಹಳಸೋಯ್ತದೆ ಅಂತ.

ಏನು?

ಅಶ್ವಥ್‌ನ ಅವ್ವ, ಅಂಬುಜತ್ತೆ ಫೋನ್ ಮಾಡಿದ್ರಾ? ನಿಂಗಾ? ಯಾವಾಗ?… ನಾನು ಕಾರ್ ತೊಳೀವಾಗ. ಆವಾಗ್ಲೇ ಯಾಕ್ ಹೇಳ್ಲಿಲ್ಲ ಮತ್ತೆ? ಏನಂದ್ರು? ಚೆನ್ನಾಗವ್ರಂತಾ?

ಹೇಳು, ಏನಂದ್ರು?

ಬೈದ್ರಾ? ಅತ್ರಾ? ಅವ್ರು ಸುಮ್ ಸುಮ್ನೆ ಗಾಬ್ರಿ ಬೀಳ್ತಾರೆ, ವಯಸ್ಸಾಯ್ತು. ನೀನು ಸಮಾಧಾನ ಹೇಳಿರ್ತೀಯಾ ಅಲ್ವಾ? ಆನೆ ಮನೆ ಹತ್ರ ಬಂದಿಲ್ಲ, ತೋಟಕ್ಕೆ ಮಾತ್ರ ನುಗ್ಗಿದ್ದು ಅಂತ…

…

ಆನೆ ಅಂತ ನೀನ್ ಅನ್ಲಿಲ್ಲ ಅಲ್ವಾ.

ನಾನೇ ಅಂದೆ.

ಹಂಗ್ ನೋಡಬ್ಯಾಡ. ಹೇಳ್ತೀನಿ. ದಾರೀಲಿ ಹೇಳಾನ ಅಂತಿದ್ದೆ. ರಾಮನಗರ ದಾಟಿದ್ ಮೇಲೆ. "ಅಶ್ವಥ್ ಬರಲ್ವಂತೆ ಕಣಮ್ಮಿ, ಏನೋ ಕೆಲ್ಸ ಅಂತೆ" ಅಂತ. ಅಷ್ಟು ದೂರ ಬಂದ್ಮೇಲೆ ವಾಪಸ್ ಹೋಗಾನ ಅನ್ನಲ್ಲ ನೀನು ಅಂತ… ಅವ್ನಿಗೆ ಬೆಳಗ್ಗೆ ಫೋನ್ ಮಾಡಿ, ರಾತ್ರಿ ಕಬ್ಬಾಳು ಕಾಡಿಂದ ಆನೆ ಇಳಿದು ನಮ್ ಸೊಪ್ಪಿನ ತೋಟ ತುಳಿದ್ಬುಟ್ಟೈತೆ, ಒಂದೆಸಳು ಉಳಿದಿಲ್ಲ, ನಾಳೆ ಹುಳ ಜ್ವರ ಎದ್ರೆ ಏನ್ ಹಾಕ್ಬೇಕೋ ಗೊತ್ತಿಲ್ಲ, ಟ್ರಿಪ್ಪು ಗಿಪ್ಪು ಬ್ಯಾಡ ಅಂದೆ. ಮೊದ್ಲು ಒಂದೇ ಆನೆ ಅಂದಿದ್ದು. ಅವ್ನು "ಒಂದೇನಾ?" ಅಂದ. ಆ "ಒಂದೇನಾ" ಅಂದಿದ್ದು ನಂಗೆ ತಡೀಲಿಲ್ಲ. ಅವ್ರೂರಿಗೆ ಬಂದ್ರೆ ಹಿಂಡೇ ಬತ್ತದೆ, ನಮ್ಮೂರಿಗೆ ಒಂದೇನಾ ಅನ್ನಂಗೆ ಕೇಳಿಸ್ತು. ಮೂರು ಅಂದೆ. ಒಂದು ಮರೀನೂ ಐತೆ ಅಂದೆ.

ನೀನು ನಗಬೋದು ಈಗ. ನಗು.

ಯಾಕ್ ನಗಲ್ಲ?

ಹೂಂ, ಇರ್ಲಿ. ಅವ್ನು ಅಯ್ಯೋ ಪಾಪ ಅಂತ ಮನೇಲಿ ಕುಂತ್ಕತಾನೆ, ನಾವು ಹೋಗಿ ಬರಾನ, ಆಮೇಲೆ ಏನೋ ಒಂದು ಹೇಳಾನ ಅಂದ್ಕೊಂಡೆ. ಯಾರಿಗೇನ್ ನಷ್ಟ ಇದ್ರಲ್ಲಿ?

ಏನಂದೆ?… ಹೊರಟವ್ರೆ? ಯಾರು? ಇಲ್ಲಿಗಾ? ಮೂವರೂವಾ?

ಸೊಪ್ಪು ಕೊಯ್ಕೊಂಡಾ?

ಯಾರ್ ತೋಟದ್ದು?… ಅವ್ರದ್ದೇ. ಅವ್ರದ್ದೇ ಹೆಂಗ್ ಕೊಯ್ದ್ರು! ಅವ್ನ ಹುಳಾನೂ ಇವತ್ತೇ ಜ್ವರಕ್ಕೆ ಕೂತಿರೋದು! ಮರಿಹುಳ ಮಾರೋ ಒಂದೇ ಚಾಕಿ ಮನೆಯಿಂದ ಒಂದೇ ದಿನ ತಂದ್ವಲ್ಲ, ಇಬ್ರಿಗೂ ಒಂದೇ ದಿನ ರಜ ಸಿಗ್ಲಿ ಅಂತ. ನಾಳೆ ಅವೂ ಏಳ್ತವೆ. ಎದ್ರೆ ಏನ್ ಹಾಕ್ತಾನೆ ಅವ್ನು? ಅವ್ನ ಹುಳಕ್ಕೆ ಏನ್ ಹಾಕ್ತಾನೆ?

ಥೂ… ಎಂಥಾ ದಡ್ಡ ನನ್ಮಗ ನಾನು! ಹೊಟ್ಟೆನೋವು ಅಂದಿದ್ರೆ ಆಗಿತ್ತು. ಕಾರ್ ಕೆಟ್ಟೋಗೈತೆ ಅಂದಿದ್ರೆ ಆಗಿತ್ತು. ನಿಮ್ ಜೊತೆ ಬರಾಕೆ ನಂಗಿಷ್ಟ ಇಲ್ಲ ಅಂತ ಮುಖದ ಮೇಲೆ ಹೊಡ್ದಂಗೆ ಅಂದಿದ್ರೂ ಆಗಿತ್ತು! ಹೋಗಿ ಹೋಗಿ ರೇಷ್ಮೆ ಸಾಕೋನ ತಾವ ಸೊಪ್ಪಿಲ್ಲ ಅಂದ್ನಲ್ಲ! ಹುಳ ಉಪವಾಸ ಬೀಳ್ತವೆ ಅಂದ್ರೆ ಯಾವ ರೇಷ್ಮೆಯೋನು ಮನೇಲಿ ಕೂರ್ತಾನೆ? ನಮ್ಮಪ್ಪಂಗೂ ದೊಡ್ಡಪ್ಪಂಗೂ ಕೋರ್ಟು ಕೇಸು ನಡೀವಾಗ್ಲೇ, ಸೊಪ್ಪು ಸಾಲಲ್ಲ ಅಂತ ಗೊತ್ತಾಗಿ ದೊಡ್ಡಪ್ಪ ಹೊರೆ ತಂದು ಬಾಗ್ಲಲ್ಲಿ ಹಾಕಿ, ಮಾತಾಡ್ದೆ ಹೋಗಿದ್ದ. ನಾನ್ ನೋಡಿದೀನಿ. ಕಣ್ಣಾರೆ ನೋಡಿದೀನಿ. ಬೆಳಗ್ಗೆ ಅದೆಲ್ಲಿ ಹೋಗಿತ್ತು ನನ್ ಬುದ್ಧಿ?

ಅದಕ್ಕಾ ಅನ್ನ. ಸೊಪ್ಪು ತರೋರಿಗೆ.

ನೀನು ಅತ್ತೆಗೆ ಯಾಕ್ ಹೇಳ್ಲಿಲ್ಲ, ಆನೆ ಬಂದಿಲ್ಲ ಅಂತ? ಆಗ್ಲೇ ಹೊರಟ್ಬುಟ್ಟಿದ್ರಾ?… ಅಲ್ವಾ? ಮತ್ತೆ?… ನನ್ ಗಂಡ ಸುಳ್ಳುಗಾರ ಅಂತ ಹೆಂಗ್ ಹೇಳ್ಲಿ ಅಂತಾನಾ. ನಾನೇ ಹೇಳ್ತೀನೇನೋ ಅಂತ ಕಾದ್ಯಾ? ಇಷ್ಟೊತ್ತೂ? ಆ ಓಲೆ ಹುಡುಕ್ಕೊಂಡು?

ಹೇಳ್ಬೇಕಿತ್ತು ಕಣಮ್ಮಿ ನೀನು. ಬೈಬೇಕಿತ್ತು.

ಕುಡುಗೋಲು ಎಲ್ಲಿ? ಎಲ್ಲಿಟ್ಟಿದೀಯಾ? ನಮ್ ತೋಟ ಇಲ್ಲೇ, ರಸ್ತೆ ಪಕ್ಕದಾಗೇ ಐತೆ, ಎದೆಮಟ್ಟ ಬೆಳ್ದು ನಿಂತೈತೆ, ಕರ್ರಗೆ, ಎಲೆ ಅಂದ್ರೆ ಅಂಗೈ ಅಗಲ. ಊರಿಗೆ ತಿರುಗಿದ್ರೆ ಮೊದ್ಲು ಕಾಣೋದೇ ಅದು. ಮುಂದಿನ ನಾಲ್ಕು ಸಾಲು ಕೊಚ್ಚಿ ಮಲಗಿಸ್ಬುಡ್ತೀನಿ, ಆನೆ ತುಳಿದಂಗೆ ಕಾಣ್ತದೆ. ಕುಡುಗೋಲು ಎಲ್ಲೈತೆ ಹೇಳು. ಹೇಳಮ್ಮಿ…

ಹೇಳಲ್ವಾ.

ನಂಗೆ ಹೆದ್ರಿಕೆ ಆಯ್ತು ಕಣೆ. ಅಷ್ಟೇ. ಅಲ್ಲಿ ರಾತ್ರಿ ಬೆಂಕಿ ಹಾಕ್ಕೊಂಡು ಕುಂತಾಗ ಅವ್ನು ಏನೋ ಹೇಳ್ತಾನೆ, ಹಳೇದು, ನಿಮ್ಮಿಬ್ರಿಗೆ ಮಾತ್ರ ಗೊತ್ತಿರೋದು. ನೀನು ನಗ್ತೀಯಾ. ನಾನು ಕೇಳ್ತೀನಿ. ಏನಿಲ್ಲ ಅಂತೀರಾ. ಅಲ್ಲಿ ಎದ್ದು ಹೋಗಾಕೆ ಹಟ್ಟೀನೂ ಇಲ್ಲ, ತೋಟಾನೂ ಇಲ್ಲ. ಕತ್ತಲು, ನೀರು. ಒಂದೇ ಒಂದು ದಿನ ನೀನು ನನ್ ಜೊತೆ ಮಾತ್ರ ಇರ್ಬೇಕು ಅನ್ನಿಸ್ತು. ಅದನ್ನ ಬಾಯಿ ಬುಟ್ಟು ಕೇಳಾಕೆ ಆಗ್ಲಿಲ್ಲ. ಆನೆ ಕರೆಸ್ದೆ.

…

ಹಾರ್ನ್ ಅಲ್ವಾ ಅದು?

ಅವ್ನದ್ದೇ. ಅವ್ನ ಪಿಕಪ್ಪು. ನೋಡಲ್ಲಿ, ಹಿಂದ್ಗಡೆ ಸೊಪ್ಪು ಹೆಂಗೆ ಏರ್ಸವ್ನೆ, ಮದ್ವೆ ಚಪ್ಪರ ಬಂದಂಗೆ ಬತ್ತಾ ಐತೆ. ಒದ್ದೆ ಗೋಣಿ ಹೊದ್ಸವ್ನೆ, ಬಾಡಬಾರ್ದು ಅಂತ. ತೋಟ ಎಲ್ಲಾ ಬೋಳಿಸ್ಕೊಂಡ್ ಬಂದವ್ನಲ್ಲೇ! ಪುಟ್ಟಿ ಸೊಪ್ಪಿನ ಮೇಲೆ ಕುಂತು ಹಿಡ್ಕೊಂಡವ್ಳೆ.

ನಿಲ್ಲಿಸ್ಬುಟ್ಟ. ತೋಟದ ತಾವ ನಿಲ್ಲಿಸ್ಬುಟ್ಟ.

ಇಳಿದ. ಒಳಕ್ಕೆ ಹೋದ. ಗಿಡ ಮುಟ್ಟಿ ನೋಡ್ತಾವ್ನೆ… ಅಂಬುಜತ್ತೇನೂ ಇಳೀತಾವ್ರೆ. ಆ ಮಂಡಿನೋವು ಇಟ್ಕೊಂಡು ಬಂದವ್ರೆ. ಮುಗೀತು. ಈಗ ಗೊತ್ತಾಯ್ತದೆ.

ಏನೋ ಕೂಗ್ತಾವ್ನೆ. ಇರು, ಏನಂತಾವ್ನೆ?

…ಕೇಳಿಸ್ತಾ ನಿಂಗೆ? "ಈ ತೋಟ ಉಳ್ಕೊಂಡೈತೆ ಕಣೋ ಕೆಂಪರಾಜು! ಇದನ್ನ ಮುಟ್ಟೇ ಇಲ್ಲ!" ಅಂತಾವ್ನೆ. ಕೈ ಮೇಲೆತ್ಕೊಂಡು ಕುಣೀತಾವ್ನೆ. ಆನೆ ತುಳಿದಿರೋದು ಬೇರೆ ತೋಟ ಅಂದ್ಕೊಂಡವ್ನೆ! ಅತ್ತೆ ನೋಡು, ಗಿಡಕ್ಕೆ ಕೈಮುಗೀತಾವ್ರೆ.

ಪ್ರತಿಮಾ, ಇಲ್ಲಿ ಕೇಳು, ಬೇಗ. ತುಳಿದಿರೋದು ಕೆರೆ ಅಂಚಿನ ತೋಟ ಅಂದ್ಬುಡ್ತೀನಿ. ಅಲ್ಲಿ ನಮ್ಗೆ ತೋಟ ಇಲ್ಲ ಅಂತ ಅವ್ರಿಗೇನು ಗೊತ್ತು? ಆ ಕಡೀಕೆ ಯಾರೂ ಹೋಗಲ್ಲ, ಊಟ ಮಾಡ್ಕೊಂಡು ಹೊರಡ್ತಾರೆ. ಅರ್ಧ ಸೊಪ್ಪು ವಾಪಸ್ ಕಳಿಸಾನ. ನೀನೇನೂ ಸುಳ್ಳು ಹೇಳಬ್ಯಾಡ. ಬಾಯೇ ಬಿಡಬ್ಯಾಡ. ಸುಮ್ನೆ ನನ್ ಪಕ್ಕ ನಿಂತಿರು ಸಾಕು, ಸುಮ್ನಿರು…

ಹೂಂ. ಹಂಗೇ. ಸುಮ್ನಿರು.

…

ಪ್ರತಿಮಾ?

ಸುಮ್ನಿರು ಅಂದಿದ್ದು ನಾನೇ. ಆದ್ರೆ ಹಿಂಗಲ್ಲ… ಹಿಂಗ್ ಸುಮ್ನಿರಬ್ಯಾಡ ಕಣಮ್ಮಿ. ಏನಾದ್ರೂ ಅನ್ನು. ನಂಗೆ ಇವ್ನು ಯಾಕ್ ಸಿಕ್ನೋ ಅಂತ ಅನ್ನು. ಅಜ್ಜಿ ಅಂದಿದ್ದೇ ಸರಿ ಅನ್ನು. ಬೈಯಿ.

ಅವ್ನು ಗಾಡಿ ಹತ್ರ ಬಂದ. ಹಗ್ಗಕ್ಕೆ ಕೈ ಹಾಕ್ತಾವ್ನೆ, ಇಳಿಸಾಕೆ…

ಅಶ್ವಥಾ! ಲೋ ಅಶ್ವಥಾ, ಬಿಚ್ಚಬ್ಯಾಡ! ಸೊಪ್ಪು ಇಳಿಸಬ್ಯಾಡ ಕಣೋ, ನಿನ್ ಹುಳಕ್ಕೆ ಬೇಕು! ನಿಂತ್ಕ ಅಲ್ಲೇ, ನಾನ್ ಬತ್ತೀನಿ… ಆನೆ ಬಂದಿರ್ಲಿಲ್ಲ ಕಣೋ!